ಮೊದಲು ಬಿಲ್ಲು, ಆಮೇಲೆ ರೋಸ್ಟರು

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಕಾಫಿಪುಡಿ ಅಂಗಡಿ. ಕಂಪ್ಯೂಟರಿನಲ್ಲಿ ಮೂರು ವರ್ಷದ ಬಿಲ್ ಇವೆ. ಇನ್ನೊಂದು ರೋಸ್ಟರ್ (ಬೀಜ ಹುರಿಯುವ ಯಂತ್ರ) ಹಾಕುವುದೋ, ಆನ್‌ಲೈನ್ ಮಾರಾಟಕ್ಕೆ ಇಳಿಯುವುದೋ ತೀರ್ಮಾನವಾಗುತ್ತಿಲ್ಲ. ಡೇಟಾ ಅನಲಿಟಿಕ್ಸ್ ಸಾಫ್ಟ್‌ವೇರ್ ಕೊಂಡರೆ ಅದೇ ಹೇಳುತ್ತದಂತೆ. ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಬಿಲ್‌ಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ದಿನಾಂಕ, ಪುಡಿಯ ಹೆಸರು, ತೂಕ, ಜಿಎಸ್‌ಟಿ ಬಿಟ್ಟ ಮೊತ್ತ, ಗಿರಾಕಿಯ ಫೋನ್ ನಂಬರ್, ಕೌಂಟರೋ ಹೋಟೆಲೋ ಕೊರಿಯರೋ ಎಂಬುದು: ಆರು ಕಾಲಂ ಸಾಕು. ಹೊತ್ತು ಹಿಡಿಯುವುದು ಹೆಸರು ಸರಿಮಾಡುವುದಕ್ಕೆ. ಪೀಬೆರಿ ಎಂಬ ಒಂದೇ ಬಗೆಯ ಕಾಫಿಯನ್ನು ‘ಪೀಬೆರಿ’, ‘ಪಿಬಿ’, ‘ಪೀಬರಿ ಅರ್ಧ’ ಎಂದು ಕೌಂಟರಿನಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ಥರ ಹೊಡೆದಿರುತ್ತಾರೆ. ಎಕ್ಸೆಲ್‌ಗೆ ಅವು ಮೂರು ಬೇರೆ ಪುಡಿ. 80:20 ಮತ್ತು 60:40 ಚಿಕೋರಿ ಮಿಶ್ರಣ ಎರಡೂ ‘ಫಿಲ್ಟರ್ ಪುಡಿ’ ಎಂದೇ ಬಿಲ್ ಆಗಿದ್ದರೆ ಯಾವುದರಲ್ಲಿ ಲಾಭ ಎಂದು ದುಬಾರಿ ಸಾಫ್ಟ್‌ವೇರೂ ಹೇಳಲಾರದು.

ಆಮೇಲೆ ಪಿವೋಟ್ ಟೇಬಲ್ (ಎಕ್ಸೆಲ್ಲೇ ಗುಂಪು ಮಾಡಿ ಕೂಡಿಸಿಕೊಡುವ ಪಟ್ಟಿ) ಹಾಕಿ ವಾರವಾರದ ಕಿಲೋ ನೋಡಿ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 2. ಹಾಗಾಗಿ ನವರಾತ್ರಿಯ ಮಾರಾಟ ಒಮ್ಮೆ ಅಕ್ಟೋಬರಿಗೆ, ಇನ್ನೊಮ್ಮೆ ಹೆಚ್ಚಾಗಿ ಸೆಪ್ಟೆಂಬರಿಗೆ ಬೀಳುತ್ತದೆ. ತಿಂಗಳಿಗೆ ತಿಂಗಳು ಹೋಲಿಸಿದರೆ ಇಲ್ಲದ ಏರಿಳಿತ ಕಾಣುತ್ತದೆ. ಹಬ್ಬದ ವಾರಕ್ಕೆ ಹಬ್ಬದ ವಾರವನ್ನೇ ಹೋಲಿಸಿ. ಮಾರಾಟ ಸೊನ್ನೆ ಎಂದಿರುವ ದಿನ ಗಿರಾಕಿ ಬರಲಿಲ್ಲವೋ, ಪುಡಿಯೇ ಮುಗಿದಿತ್ತೋ ಎಂದು ಸ್ಟಾಕ್ ಪುಸ್ತಕದಲ್ಲಿ ನೋಡಿ. ಮುಗಿದಿದ್ದ ದಿನಗಳನ್ನು ಸರಾಸರಿಗೆ ಸೇರಿಸಬೇಡಿ.

ಲಾಭದ ಲೆಕ್ಕದಲ್ಲಿ ಎಡವುವುದು ಹೆಚ್ಚಾಗಿ ಹುರಿಯುವಾಗಿನ ತೂಕನಷ್ಟದಲ್ಲಿ. ಹಸಿ ಬೀಜ ಕಿಲೋಗೆ 500 ರೂಪಾಯಿ, ನಷ್ಟ ಶೇ. 18 ಎಂದುಕೊಳ್ಳಿ. 500ಕ್ಕೆ ಶೇ. 18 ಕೂಡಿಸಿ 590 ಎನ್ನುತ್ತಾರೆ. ಕಿಲೋ ಹಸಿ ಬೀಜ ಹುರಿದರೆ ಉಳಿಯುವುದು 0.82 ಕಿಲೋ, ಹಾಗಾಗಿ ಸರಿಯಾದದ್ದು 500ನ್ನು 0.82ರಿಂದ ಭಾಗಿಸಿದ 610. ಕಿಲೋಗೆ 20 ರೂಪಾಯಿ ಗೊತ್ತಾಗದೆ ಸೋರುತ್ತದೆ. ಗ್ಯಾಸು, ಕೂಲಿ, ಪ್ಯಾಕೆಟ್ ಇದರ ಮೇಲೆ.

ರೋಸ್ಟರ್ ವಿಚಾರ ಬಿಲ್ಲಿನಲ್ಲಿ ಸಿಗುವುದಿಲ್ಲ. ನಾಲ್ಕು ವಾರ ಗೋಡೆಗೆ ಹಾಳೆ ಅಂಟಿಸಿ ಪ್ರತಿ ಬ್ಯಾಚ್ ಶುರುವಾದ ಹೊತ್ತು, ಇಳಿಸಿದ ಹೊತ್ತು, ಹಸಿ ತೂಕ, ಹುರಿದ ತೂಕ ಬರೆಸಿ. ನಿಮ್ಮ ನಿಜವಾದ ನಷ್ಟದ ಶೇಕಡವೂ ಅಲ್ಲೇ ಸಿಗುತ್ತದೆ. ಪ್ರವಾಸಿಗಳು ಬರುವ ಶನಿವಾರ, ಭಾನುವಾರ ಮಾತ್ರ ಒತ್ತಡವಿದ್ದರೆ ಗುರುವಾರವೇ ಹುರಿದು ಬೀಜವಾಗಿ ಮುಚ್ಚಿಡಿ, ಕೇಳಿದಾಗ ಪುಡಿ ಮಾಡಿ. ಎಷ್ಟೋ ಕಡೆ ತಡವಾಗುವುದು ಗ್ರೈಂಡರಿನಲ್ಲಿ. ಅಂಥಲ್ಲಿ ರೋಸ್ಟರ್ ಹಾಕಿದರೆ ಸಾಲ ಮಾತ್ರ ಮಿಕ್ಕುತ್ತದೆ.

ಆನ್‌ಲೈನ್‌ಗೆ ಒಂದೇ ಎಣಿಕೆ: ಒಮ್ಮೆ ಕೊರಿಯರ್ ತರಿಸಿದವರಲ್ಲಿ ಮೂರು ತಿಂಗಳೊಳಗೆ ಅದೇ ಫೋನ್ ನಂಬರಿನಿಂದ ಮತ್ತೆ ತರಿಸಿದವರೆಷ್ಟು? ಕೈಬೆರಳಲ್ಲಿ ಎಣಿಸುವಷ್ಟಿದ್ದರೆ ಸದ್ಯಕ್ಕೆ ವಾಟ್ಸಾಪ್ ಸಾಕು.