ಸಿಲಬಸ್ ಬದಲಿಸಿದರೆ ಎಂಜಿನಿಯರಿಂಗ್ ಕಲಿಕೆ ಸುಧಾರಿಸುತ್ತದೆಯೇ?

ಸಿಲಬಸ್ ಒಂದನ್ನೇ ಬದಲಿಸಿದರೆ ಸಾಲದು. ಪಾಠ ಮಾಡುವ ರೀತಿಯೂ ಪರೀಕ್ಷೆಯೂ ಬದಲಾಗಬೇಕು.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಶ್ನೆಪತ್ರಿಕೆಯನ್ನೇ ನೋಡಿ. ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಹಳೆಯ ಪತ್ರಿಕೆ ತಿರುವಿದರೆ ಏನು ಬರಬಹುದು ಅಂತ ಊಹಿಸಬಹುದು. ಹಾಗಿರುವಾಗ ವಿದ್ಯಾರ್ಥಿಗಳು ಬಾಯಿಪಾಠ ಮಾಡದೆ ಇನ್ನೇನು ಮಾಡುತ್ತಾರೆ? ಸಿಲಬಸ್ಸಿಗೆ ಎಐ ಸೇರಿಸಿದರೆ ಅದನ್ನೂ ಬಾಯಿಪಾಠವೇ ಮಾಡುತ್ತಾರೆ, ಅಲ್ವಾ?

ಮೊದಲು ಲ್ಯಾಬ್ ಸರಿಪಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ಮ್ಯಾನ್ಯುಅಲ್ ನೋಡಿ ರೆಕಾರ್ಡ್ ಬರೆಸುವ ಬದಲು, ಬೇಕಂತಲೇ ಒಂದು ತಪ್ಪು ಇಟ್ಟ ಸರ್ಕ್ಯೂಟ್ ಕೊಟ್ಟು, ದೋಷ ಎಲ್ಲಿದೆ ಹುಡುಕಿ ಅನ್ನಿ. ಮಲ್ಟಿಮೀಟರ್ ಹಿಡಿದು ಒಂದೊಂದೇ ಕಡೆ ವೋಲ್ಟೇಜ್ ಅಳೆಯುವಾಗ ಓಮ್ ನಿಯಮ ನಿಜವಾಗಿ ಅರ್ಥವಾಗುತ್ತದೆ. ಇದಕ್ಕೆ ಹೊಸ ಉಪಕರಣ ಬೇಡ, ಹೊಸ ಸಿಲಬಸ್ಸೂ ಬೇಡ.

ತರಗತಿಯಲ್ಲೂ ಅಷ್ಟೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು ಅಮೆರಿಕದ ಸಂಶೋಧಕರು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ. 34 ಮಂದಿ ಫೇಲಾಗಿದ್ದರು. ಚರ್ಚಿಸುತ್ತಾ, ಲೆಕ್ಕ ಬಿಡಿಸುತ್ತಾ ಕಲಿತವರಲ್ಲಿ ಅದು ಶೇ. 22. ಅಧ್ಯಾಪಕರು ಪಾಠದ ನಡುವೆ ನಿಲ್ಲಿಸಿ, ಒಂದು ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ಚರ್ಚಿಸಲು ಬಿಡಲಿ. ನಾಳೆಯಿಂದಲೇ ಶುರು ಮಾಡಬಹುದು.