ಲೋಲಕ ಉಲ್ಟಾ ತಿರುಗಿದ್ದೇಕೆ?

ಪ್ರಶ್ನೆ: ಫೆಬ್ರವರಿ 28ರ ವಿಜ್ಞಾನ ದಿನದ ಉಪನ್ಯಾಸಕ್ಕೆಂದು ಸಭಾಂಗಣದ ಫ್ಯಾನ್ ಕೊಕ್ಕೆಗೆ 6 ಮೀಟರ್ ನೈಲಾನ್ ಹಗ್ಗ ಕಟ್ಟಿ, ಕಬ್ಬಿಣದ ಗುಂಡು ಇಳಿಬಿಟ್ಟು, ತೂಗಾಟದ ದಿಕ್ಕು ನಿಧಾನಕ್ಕೆ ಹೊರಳುವುದರಿಂದ ಭೂಮಿ ತಿರುಗುವುದನ್ನು ತೋರಿಸುವ ಫೂಕೋ ಲೋಲಕ ಮಾಡಿದ್ದೆವು. ಮುಖ್ಯ ಅತಿಥಿಗಳು ಕೈಯಿಂದ ತಳ್ಳಿ ಉದ್ಘಾಟಿಸಿದರು. ಅರ್ಧ ಗಂಟೆಯಲ್ಲಿ ತೂಗಾಟದ ದಿಕ್ಕು ತಿರುಗಿತು, ಆದರೆ ಅಪ್ರದಕ್ಷಿಣವಾಗಿ! ತಪ್ಪಾದದ್ದು ಎಲ್ಲಿ? ಹಿಂದಿನ ಸಾಲಿನವರಿಗೆ ಏನೂ ಕಾಣಲಿಲ್ಲ ಎಂಬ ದೂರು ಬೇರೆ.
– ಓದುಗರು, ಧಾರವಾಡ

ಉತ್ತರ: ತಪ್ಪು ಆ ಉದ್ಘಾಟನೆಯಲ್ಲೇ ಇದೆ. ಕೈಯಿಂದ ತಳ್ಳಿದ ಗುಂಡು ನೇರ ಗೆರೆಯಲ್ಲಿ ತೂಗುವುದಿಲ್ಲ, ಸಪೂರ ದೀರ್ಘವೃತ್ತ ಬರೆಯುತ್ತದೆ. ಆ ದೀರ್ಘವೃತ್ತ ಯಾವ ಕಡೆಗೆ ಸುತ್ತುತ್ತದೋ ತೂಗಾಟವೂ ಅದೇ ಕಡೆಗೆ ಹೊರಳುತ್ತದೆ. ಭೂಮಿಗೂ ಇದಕ್ಕೂ ಸಂಬಂಧವಿಲ್ಲ. ಧಾರವಾಡದ ಅಕ್ಷಾಂಶದಲ್ಲಿ ಭೂಮಿಯಿಂದ ಬರುವ ತಿರುವು ಗಂಟೆಗೆ 4 ಡಿಗ್ರಿ ಮಾತ್ರ, ಅದೂ ಪ್ರದಕ್ಷಿಣವಾಗಿ. 6 ಮೀಟರ್ ಲೋಲಕ ನಡುವಿನಿಂದ 50 ಸೆಂ.ಮೀ. ತೂಗುವಾಗ ಪಕ್ಕಕ್ಕೆ ಬರೀ 1 ಸೆಂ.ಮೀ. ಸರಿದರೂ ಗಂಟೆಗೆ ಸುಮಾರು 14 ಡಿಗ್ರಿ ಸುಳ್ಳು ತಿರುವು ಸೇರಿಕೊಳ್ಳುತ್ತದೆ. 1851ರಲ್ಲಿ ಪ್ಯಾರಿಸ್ಸಿನ ಪ್ಯಾಂಥಿಯನ್‌ನಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ 67 ಮೀಟರ್ ತಂತಿಗೆ 28 ಕೆ.ಜಿ. ಗುಂಡು ಕಟ್ಟಿದ್ದು ಆಡಂಬರಕ್ಕಲ್ಲ: ಉದ್ದ ಹೆಚ್ಚಿದಷ್ಟೂ ಈ ಕಾಟ ಕಡಿಮೆ. ಅಲ್ಲಿ ಗಂಟೆಗೆ 11 ಡಿಗ್ರಿಗೂ ಮಿಕ್ಕಿ ತಿರುವು ಸಿಗುತ್ತಿತ್ತು ಎಂಬ ಅನುಕೂಲವೂ ಅವರಿಗಿತ್ತು.

ಹಗ್ಗ, ಕೊಕ್ಕೆ ಎರಡನ್ನೂ ಬಿಡಿ. ಹಗ್ಗದ ಹುರಿ ಬಿಚ್ಚಿಕೊಳ್ಳುತ್ತದೆ. ಕೊಕ್ಕೆಯ ಮೇಲೆ ಒಂದು ದಿಕ್ಕಿಗೆ ತೂಗಿದಷ್ಟು ಸಲೀಸಾಗಿ ಇನ್ನೊಂದು ದಿಕ್ಕಿಗೆ ತೂಗುವುದಿಲ್ಲ. 0.8 ಮಿ.ಮೀ. ಉಕ್ಕಿನ ಪಿಯಾನೊ ತಂತಿ ತನ್ನಿ. ಮೇಲ್ತುದಿಯನ್ನು ಡ್ರಿಲ್ಲಿಂಗ್ ಮಷೀನಿನಲ್ಲಿ ಬಿಟ್ ಕಚ್ಚಿ ಹಿಡಿಯುವ ಚಕ್‌ನಲ್ಲಿ ಬಿಗಿಸಿ, ಆ ಚಕ್ಕನ್ನು ತೊಲೆಗೆ ಅಲುಗಾಡದಂತೆ ಕೂರಿಸಿ. ಅದರ ಮೂರು ಹಲ್ಲುಗಳು ತಂತಿಯನ್ನು ಸುತ್ತಲೂ ಸಮನಾಗಿ ಹಿಡಿಯುತ್ತವೆ. ತಂತಿ ತುಂಡಾಗುವುದಿದ್ದರೆ ಚಕ್‌ನ ಬಾಯಲ್ಲೇ, ಹಾಗಾಗಿ ಪ್ರತಿ ಪ್ರದರ್ಶನಕ್ಕೆ ಮುನ್ನ ಅಲ್ಲಿ ನೋಡಿ. ಕೆಳಗೆ ಮರಳಿನ ತಟ್ಟೆ, ಸುತ್ತ ಹಗ್ಗದ ಬೇಲಿ ಇರಲಿ. ಗುಂಡಿಗೆ ಆಟದ ಮೈದಾನದ 7.26 ಕೆ.ಜಿ. ಶಾಟ್‌ಪುಟ್ ಸಾಕು. ಲೇತ್ ಅಂಗಡಿಯಲ್ಲಿ ನಟ್ಟನಡುವೆ ರಂಧ್ರ ಕೊರೆಸಿ, ತಳಕ್ಕೆ 5 ಮಿ.ಮೀ. ದಪ್ಪದ ಮೊಳೆ ಹಾಕಿಸಿ.

ಗುಂಡನ್ನು 50 ಸೆಂ.ಮೀ. ಎಳೆದು ಹತ್ತಿ ದಾರದಿಂದ ಕಂಬಕ್ಕೆ ಕಟ್ಟಿ. ಫ್ಯಾನು, ಕಿಟಕಿ ಎಲ್ಲ ಬಂದ್. ಹತ್ತು ನಿಮಿಷ ಕಾದು, ನಡುಕ ಪೂರ್ತಿ ನಿಂತ ಮೇಲೆ ದಾರ ಸುಡಿ. ಕತ್ತರಿ ಬೇಡ, ಅದೂ ಪಕ್ಕಕ್ಕೆ ತಳ್ಳುತ್ತದೆ. ಅತಿಥಿಗಳ ಕೈಗೆ ಬೆಂಕಿಕಡ್ಡಿ ಕೊಟ್ಟರೆ ಉದ್ಘಾಟನೆಯೂ ಆಯಿತು!

ಹಿಂದಿನ ಸಾಲಿಗೆ ನೆರಳು ತೋರಿಸಿ. ದೀಪ ಕತ್ತಲಾಗಿಸಿ, ತೂಗಾಟದ ಗೆರೆಯ ಮೇಲೆಯೇ, ನಡುವಿನಿಂದ 1.5 ಮೀಟರ್ ದೂರದಲ್ಲಿ, ಮೊಳೆಯ ಎತ್ತರಕ್ಕೆ ಮೊಬೈಲ್ ಟಾರ್ಚ್ ಇಡಿ. ಟಾರ್ಚಿನಿಂದ 6 ಮೀಟರ್ ಆಚೆ ಪರದೆ. ಮೊದಲಿಗೆ ಮೊಳೆಯ ನೆರಳು ಅಕ್ಕಪಕ್ಕ ಸರಿಯಕೂಡದು. ಮೊದಲ ನಿಮಿಷದಲ್ಲೇ ಸರಿದಾಡಿದರೆ ದೀರ್ಘವೃತ್ತ ಎಂದು ತಿಳಿದು ಮತ್ತೆ ದಾರ ಕಟ್ಟಿ. ಸರಿಯಾಗಿ ಬಿಟ್ಟಿದ್ದರೆ ಹದಿನೈದು ನಿಮಿಷಕ್ಕೆ 1 ಡಿಗ್ರಿ ತಿರುವು, ಪರದೆಯ ಮೇಲೆ ನೆರಳಿನ ಓಡಾಟ ಸುಮಾರು 8 ಸೆಂ.ಮೀ. ಉಪನ್ಯಾಸ ಶುರುವಾಗುವಾಗ ಬಿಟ್ಟು, ಕಾಲು ಗಂಟೆಗೊಮ್ಮೆ ಮಾತು ನಿಲ್ಲಿಸಿ ತೋರಿಸಿದರೆ ಸಾಕು.

ಪ್ರಶ್ನೆ: ನಮ್ಮ ಶಾಲೆಯ ಚಾವಣಿ 3 ಮೀಟರ್ ಎತ್ತರ. ಆದೀತೆ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಉದ್ದ ಅರ್ಧಕ್ಕಿಳಿದರೆ, ಅಷ್ಟೇ ಅಗಲದ ತೂಗಾಟದಲ್ಲಿ ಸುಳ್ಳು ತಿರುವು ಐದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಬದಲಿಗೆ ತಿರುಗುವ ಕುರ್ಚಿಯನ್ನೇ ಭೂಮಿ ಎಂದುಕೊಳ್ಳಿ. ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಪುಟ್ಟ ಲೋಲಕ ತೂಗಲು ಬಿಟ್ಟು ಕುರ್ಚಿಯನ್ನು ನಿಧಾನಕ್ಕೆ ತಿರುಗಿಸಿ. ಕುರ್ಚಿ ತಿರುಗಿದರೂ ತೂಗಾಟ ಗೋಡೆಯ ಅದೇ ಮೂಲೆಯತ್ತ ಇರುವುದನ್ನು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.