ಗೆದ್ದ ಹೊಸ ಶಾಸಕರು ಪಕ್ಷ ಹೇಳಿದಂತೆಯೇ ಯಾಕೆ ನಡೆಯುತ್ತಾರೆ?

ಮುಖ್ಯ ಕಾರಣ ಪಕ್ಷಾಂತರ ನಿಷೇಧ ಕಾಯ್ದೆ. 1985ರಲ್ಲಿ ಸಂವಿಧಾನದ 10ನೇ ಅನುಸೂಚಿಯಾಗಿ ಬಂತು. ಪಕ್ಷ ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಎಂಬ ಆದೇಶ) ಕೊಟ್ಟ ಮೇಲೆ ಅದರ ವಿರುದ್ಧ ಮತ ಹಾಕಿದರೆ ಸೀಟು ಹೋಗಬಹುದು. ಮತ ಹಾಕದೆ ಸುಮ್ನೆ ದೂರ ಉಳಿದರೂ ಅಷ್ಟೇ. ಪಕ್ಷ ಮೊದಲೇ ಅನುಮತಿ ಕೊಟ್ಟಿದ್ದರೆ ಅಥವಾ 15 ದಿನದೊಳಗೆ ಮನ್ನಿಸಿದರೆ ಮಾತ್ರ ಬಚಾವ್. ತನ್ನ ತಾಲ್ಲೂಕಿನ ರೈತರಿಗೆ ತೊಂದರೆಯಾಗುವ ಮಸೂದೆಗೂ ವಿಪ್ ಬಂದರೆ ಒಪ್ಪಿಗೆ ಎಂದು ಕೈ ಎತ್ತಬೇಕು. ನನಗೆ ಇದೇ ಜಾಸ್ತಿ ನೋವು ಕೊಡುತ್ತದೆ. ಅವರನ್ನು ಆರಿಸಿದ್ದು ನಾವಲ್ವಾ?

ಇನ್ನು ದುಡ್ಡು. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿ ಮಿತಿ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹಾಗಾಗಿ ಸ್ವಂತ ದುಡ್ಡಿಲ್ಲದವರು ಪಕ್ಷವನ್ನೇ ನಂಬಬೇಕು. ಮುಂದಿನ ಸಲ ಬಿ ಫಾರಂ (ಇವರೇ ನಮ್ಮ ಅಭ್ಯರ್ಥಿ ಎಂಬ ಪತ್ರ) ಕೊಡುವುದೂ ಅದೇ ಪಕ್ಷ.